ಕಾಕಾರ ಮೂರನೆಯ ಪರೀಕ್ಷೆ

ಹೋದ ವಾರ ನಮ್ಮ ಆಸ್ಪತ್ರೆಯ ಗ್ರಂಥಾಲಯದ ಹಳೆಯ ಕುರ್ಚಿಗಳನ್ನು ಗೋದಾಮಿಗೆ ಸಾಗಿಸುತ್ತಿದ್ದರು. ಆಳು ಒಂದು ಸಾಗವಾನಿ ಕುರ್ಚಿಯನ್ನು ತಲೆಕೆಳಗಾಗಿ ಹೊತ್ತುಕೊಂಡು ನನ್ನ ಮುಂದೆಯೇ ಹಾದುಹೋದ. ಅದರ ಕೈಯ ಕೆಳಭಾಗದಲ್ಲಿ, ಕುಳಿತವರಿಗೆ ಕಾಣದ ಜಾಗದಲ್ಲಿ, ಕಪ್ಪು ರೇಷ್ಮೆ ದಾರದ ಗಂಟುಗಳಿದ್ದವು. ಒಂದರ ಪಕ್ಕ ಒಂದು, ಒತ್ತಾಗಿ, ಆ ತುದಿಯಿಂದ ಈ ತುದಿಯವರೆಗೆ... ಅವನನ್ನು ನಿಲ್ಲಿಸಿ ಕುರ್ಚಿ ಇಳಿಸಲು ಹೇಳಿದೆ. ಆ ಗಂಟುಗಳನ್ನು ಹಾಕಿದವನು ನಾನು. ಹಾಕಿಸಿದವರು ಕಾಕಾ.

ಕುರ್ಚಿಗಳನ್ನು ಬದಲಿಸುತ್ತಿರುವುದು ತಪಾಸಣೆಗೋಸ್ಕರ. ಡಾಕ್ಟರುಗಳಿಗೆ ತರಬೇತಿ ಕೊಡಿಸಿ, ಪರೀಕ್ಷೆ ಮಾಡಿ, ‘ಇವರು ಸರ್ಜನ್’ ಎಂದು ಪ್ರಮಾಣಪತ್ರ ಕೊಡುವ ಸಂಸ್ಥೆಯವರು ಮುಂದಿನ ತಿಂಗಳು ಅಥಣಿಗೆ ಬರುತ್ತಾರೆ. ನಮ್ಮ ಟ್ರಸ್ಟ್ ಆಸ್ಪತ್ರೆ ಅವರ ಮಾನ್ಯತೆ ಪಡೆದ ತರಬೇತಿ ಕೇಂದ್ರ. ನಾನು ಇಲ್ಲಿಯ ಸರ್ಜನ್, ಕಲಿಯಲು ಬಂದ ಇಬ್ಬರು ಡಾಕ್ಟರುಗಳಿಗೆ ತರಬೇತುದಾರ. ತಪಾಸಣೆಯವರು ಬಂದಾಗ ಕುರ್ಚಿ ನೋಡುತ್ತಾರೆ, ಪುಸ್ತಕ ಎಣಿಸುತ್ತಾರೆ, ರಜಿಸ್ಟರು ತಿರುವುತ್ತಾರೆ, ಹಾಸಿಗೆ ಹಾಸಿಗೆಯ ನಡುವಿನ ಅಂತರ ಅಳೆಯುತ್ತಾರೆ. ಆಪರೇಶನ್ ಥಿಯೇಟರಿನೊಳಗೆ ಬಂದು, ಒಬ್ಬ ಡಾಕ್ಟರ ಕೈ ಕೆಲಸ ಮಾಡುವುದನ್ನು ಅರ್ಧ ತಾಸು ನಿಂತು ನೋಡಿದ್ದನ್ನು ಮಾತ್ರ ಇಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ಕಂಡಿಲ್ಲ.

ಕಾಕಾ ಎಂದರೂ ಅವರು ನನ್ನ ಚಿಕ್ಕಪ್ಪನಲ್ಲ, ಬಂಧುವೂ ಅಲ್ಲ. ಆಸ್ಪತ್ರೆಯ ಸಿಸ್ಟರುಗಳು, ವಾರ್ಡಿನ ಆಯಾಗಳು, ರೋಗಿಗಳ ಮನೆಯವರು ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ನಾನು ಎಂಬಿಬಿಎಸ್ ಮುಗಿಸಿ, ಸರ್ಜರಿ ಕಲಿಯಲೆಂದು ಇಲ್ಲಿಗೆ ಬಂದಾಗ ಅವರಿಗೆ ನಲವತ್ತೈದು ದಾಟಿತ್ತು. ಕುಳ್ಳಗೆ, ಗಟ್ಟಿಮುಟ್ಟಾಗಿ, ದಪ್ಪ ಬೆರಳಿನವರು. ಊರು ರಾಯಬಾಗ ತಾಲೂಕಿನ ದಿಗ್ಗೇವಾಡಿ. ಕೃಷ್ಣೆಯ ದಂಡೆಯ ಹೊಲದಲ್ಲಿ ಕಬ್ಬು ಕಡಿದೇ ಬೆಳೆದವರು. ಎಡಗೈ ಹೆಬ್ಬೆರಳಿನ ಬುಡದಲ್ಲಿ ಕುಡಗೋಲಿನ ಗಾಯದ ಬಿಳಿ ಗೆರೆಯೊಂದಿತ್ತು. ಆ ಕೈಗಳನ್ನು ಕಂಡವರು ಇವರು ಡಾಕ್ಟರು ಎಂದರೆ ನಂಬುತ್ತಿರಲಿಲ್ಲ. ಆದರೆ ಗ್ಲೋವ್ಸ್ ಹಾಕಿಕೊಂಡು ಹೊಟ್ಟೆಯೊಳಗೆ ಇಳಿದರೆ ಅದೇ ಬೆರಳುಗಳು ಎಷ್ಟು ಮೆತ್ತಗೆ ನಡೆಯುತ್ತಿದ್ದವೆಂದರೆ, ಎದುರಿಗೆ ನಿಂತ ನಾನು ಉಸಿರು ಹಿಡಿದು ನೋಡುತ್ತಿದ್ದೆ.

ಎಂಬಿಬಿಎಸ್ ಮುಗಿಸಿದ ಮೇಲೆ ಅವರು ಸರ್ಜರಿ ಕಲಿತದ್ದು ಈ ಆಸ್ಪತ್ರೆ ಕಟ್ಟಿದ ಹಿರಿಯ ಸರ್ಜನ್‌ರ ಕೈಕೆಳಗೆ. ಆ ಕಾಲಕ್ಕೆ ಸುತ್ತಲಿನ ಹಳ್ಳಿಗಳಿಗೆಲ್ಲ ಆಪರೇಶನ್ ಎಂದರೆ ಇದೊಂದೇ ಜಾಗ. ಹಿರಿಯರಿಗೆ ವಯಸ್ಸಾದ ಹಾಗೆ ಕೆಲಸವೆಲ್ಲ ಕಾಕಾರ ಕೈಗೆ ಬಂತು. ಹರ್ನಿಯಾ, ಅಪೆಂಡಿಕ್ಸ್, ಕರುಳು ಸಿಕ್ಕಿಕೊಂಡದ್ದು, ಎತ್ತು ಹಾಯ್ದದ್ದು, ಬಾವಿಗೆ ಬಿದ್ದದ್ದು... ಯಾವುದಕ್ಕೂ ಅವರು ಇಲ್ಲವೆಂದವರಲ್ಲ. ಪ್ರಮಾಣಪತ್ರ ಎಲ್ಲಿ ಎಂದು ಯಾರೂ ಕೇಳಿರಲಿಲ್ಲ. ಹಿರಿಯರು ತೀರಿಕೊಂಡರು, ನಿಯಮಗಳು ಬಿಗಿಯಾದವು. ಆಗ ಕೇಳಿದರು.

ಪ್ರಮಾಣಪತ್ರ ಬೇಕಾದರೆ ತರಬೇತಿಗೆ ಹೆಸರು ಹಚ್ಚಿ ಮೊದಲಿನಿಂದ ಬರಬೇಕು ಎಂದರು ಸಂಸ್ಥೆಯವರು. ಕಾಕಾ ಹಚ್ಚಿದರು. ತಾವು ಇಷ್ಟು ವರ್ಷ ಆಪರೇಶನ್ ಮಾಡಿದ ಅದೇ ಥಿಯೇಟರಿನಲ್ಲಿ ಅವರು ವಿದ್ಯಾರ್ಥಿಯಾದರು. ಮಾಡಿದ ಪ್ರತಿಯೊಂದು ಆಪರೇಶನ್ನನ್ನೂ ಲಾಗ್‌ಬುಕ್ಕಿನಲ್ಲಿ ಬರೆದು, ಪ್ರಮಾಣಪತ್ರವಿರುವ ತರಬೇತುದಾರರಿಂದ ಸಹಿ ಹಾಕಿಸಬೇಕಿತ್ತು. ಮಿರಜಿನಿಂದ ಒಬ್ಬ ಸರ್ಜನ್ ಪ್ರತಿ ಗುರುವಾರ ಬಂದು ಸಹಿ ಹಾಕುತ್ತಿದ್ದರು. ಕಾಕಾರಿಗಿಂತ ಏಳೆಂಟು ವರ್ಷ ಚಿಕ್ಕವರು, ಸಭ್ಯಸ್ಥರು. ಆಪರೇಶನ್ ಮಾಡಿದವರು ಕಾಕಾ. ಪುಸ್ತಕದಲ್ಲಿ ‘ಸಹಾಯ ಮಾಡಿದವರು’ ಎಂಬ ಕಾಲಮ್ಮಿನಲ್ಲಿ ಅವರ ಹೆಸರು. ಸಹಿ ಹಾಕುವಾಗ ಆ ಸರ್ಜನ್ ತಲೆ ಎತ್ತುತ್ತಿರಲಿಲ್ಲ. ನಮ್ಮ ಥಿಯೇಟರ್ ಸಿಸ್ಟರು, ಕಾಗವಾಡದ ಹೆಣ್ಣುಮಗಳು, ಸಿಟ್ಟಿಗೆ ಆ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕುತ್ತಿದ್ದರು. ಕಾಕಾ ಮಾತ್ರ ಬಸಿಯಲ್ಲಿ ಚಹಾ ಸುರಿದುಕೊಂಡು ಸುಮ್ಮನೆ ಕುಡಿಯುತ್ತಿದ್ದರು.

ಲಿಖಿತ ಪರೀಕ್ಷೆ ಅವರು ಮೊದಲ ಸಲಕ್ಕೇ ಪಾಸಾಗಿದ್ದರು. ಪ್ರಾಯೋಗಿಕದಲ್ಲಿ ಎರಡು ಸಲ ನಪಾಸಾಗಿದ್ದರು. ಮೂರು ಸಲ ಮಾತ್ರ ಅವಕಾಶ. ಆಮೇಲೆ ಬಾಗಿಲು ಮುಚ್ಚಿದಂತೆಯೇ. ಆ ಮೂರನೆಯ ಸಲಕ್ಕೆ ಅವರು, ನನ್ನ ಮೊದಲ ಸಲಕ್ಕೆ ನಾನು, ಒಟ್ಟಿಗೆ ತಯಾರಾದೆವು.

ಕಷ್ಟವಿದ್ದದ್ದು ಇಂಗ್ಲಿಷಿನದು. ಕಾಕಾರಿಗೆ ಓದಿದರೆ ಎಲ್ಲವೂ ತಿಳಿಯುತ್ತಿತ್ತು, ಬರೆಯುತ್ತಲೂ ಇದ್ದರು. ನಾಲ್ಕು ಜನ ಪರೀಕ್ಷಕರು ಎದುರಿಗೆ ಕುಳಿತು ಒಂದರ ಹಿಂದೊಂದು ಪ್ರಶ್ನೆ ಹಾಕಿದರೆ ಮಾತು ಗಂಟಲಲ್ಲಿ ನಿಲ್ಲುತ್ತಿತ್ತು. ನಾನು ನಿಪ್ಪಾಣಿಯ ಇಂಗ್ಲಿಷ್ ಶಾಲೆಯಲ್ಲಿ ಓದಿದವನು. ಅವರು ನನ್ನನ್ನು ಕರೆಯುತ್ತಿದ್ದದ್ದೂ ‘ನಿಪ್ಪಾಣಿ’ ಎಂದೇ. ನನ್ನ ಹೆಸರು ಅವರ ಬಾಯಲ್ಲಿ ನಾನು ಕೇಳಿದ್ದು ಕಡಿಮೆ. ಸಂಜೆ ಓಪಿಡಿ ಮುಗಿದ ಮೇಲೆ ಇಬ್ಬರೂ ಗ್ರಂಥಾಲಯದಲ್ಲಿ ಕೂರುತ್ತಿದ್ದೆವು. ಅವರು ನನ್ನ ಕೈ ತಿದ್ದುತ್ತಿದ್ದರು. ನಾನು ಅವರ ಮಾತು ತಿದ್ದುತ್ತಿದ್ದೆ. ಕುರ್ಚಿಯ ಕೈಗೆ ದಾರ ಕಟ್ಟಿ ಎಡಗೈಯಿಂದ ಗಂಟು ಹಾಕಿಸುವರು. ಆಮೇಲೆ ಗ್ಲೋವ್ಸ್ ಒದ್ದೆ ಮಾಡಿ ಹಾಕಿಸುವರು. ಆಮೇಲೆ ತಂಬಿಗೆಯ ತಳಕ್ಕೆ ದಾರ ಅಂಟಿಸಿ, ತಂಬಿಗೆ ಅಲುಗದ ಹಾಗೆ ಒಳಗೆ ಕೈಯಿಳಿಸಿ ಹಾಕಿಸುವರು. ನಾನು ಬೇಸತ್ತು ಸಾಕೆಂದರೆ, ‘ಇನ್ನ ಹತ್ತು’ ಅನ್ನುವರು.

ಅವರ ಸರದಿ ಬಂದಾಗ ನಾನು ಪರೀಕ್ಷಕನಾಗುತ್ತಿದ್ದೆ. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಿದ್ದೆ. ಒಂದು ವಾಕ್ಯ ಸರಿಯಾಗಿ ಬರುತ್ತಿತ್ತು, ಎರಡನೆಯದಕ್ಕೆ ತಡವರಿಸುತ್ತಿದ್ದರು.

‘ತಡಿಯೋ ನಿಪ್ಪಾಣಿ, ಕನ್ನಡದಾಗ ಹೇಳಿ ಮುಗಸ್ತೀನಿ. ಆಮ್ಯಾಲೆ ಇಂಗ್ಲಿಷ್ ನೋಡೂಣು.’

ಕನ್ನಡದಲ್ಲಿ ಅವರು ಹೇಳಿದ್ದನ್ನು ಬರೆದಿಟ್ಟುಕೊಂಡಿದ್ದರೆ ಅದೊಂದು ಪುಸ್ತಕವಾಗುತ್ತಿತ್ತು. ಸಿಕ್ಕಿಬಿದ್ದ ಕರುಳಿನ ಬಣ್ಣ ಹೇಗೆ ಬದಲಾಗುತ್ತದೆ, ಹೊಟ್ಟೆನೋವಿನವನು ಮಗ್ಗುಲು ಬದಲಿಸುತ್ತಿದ್ದರೆ ಏನು ಅರ್ಥ, ಮಿಸುಕದೆ ಮಲಗಿದ್ದರೆ ಏನು ಅರ್ಥ... ನನಗೆ ಸಿಟ್ಟು ಬರುತ್ತಿತ್ತು. ಇಷ್ಟು ತಿಳಿದವರಿಗೆ ನಾನು, ಏನೂ ತಿಳಿಯದವನು, ವ್ಯಾಕರಣ ಹೇಳಿಕೊಡುತ್ತ ಕೂತಿದ್ದೆನಲ್ಲ.

ಪರೀಕ್ಷೆ ದೂರದ ದೊಡ್ಡ ಊರಿನಲ್ಲಿತ್ತು. ಮಿರಜಿಗೆ ಹೋಗಿ ರೈಲು ಹತ್ತಿದೆವು. ಕಾಕಾರ ಹೆಂಡತಿ, ನಾವೆಲ್ಲ ಕಾಕು ಎನ್ನುತ್ತಿದ್ದವರು, ಇಬ್ಬರಿಗೂ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದರು. ಪರೀಕ್ಷೆಯ ಕೋಣೆಯ ಹೊರಗೆ ಇಪ್ಪತ್ತಾರು ಇಪ್ಪತ್ತೇಳರ ಹುಡುಗ ಹುಡುಗಿಯರು ಬಿಳಿ ಕೋಟು ಹಾಕಿಕೊಂಡು ಪುಸ್ತಕ ತಿರುವುತ್ತಿದ್ದರು. ನಡುವೆ ನರೆತ ತಲೆಯ ಕಾಕಾ. ಒಬ್ಬಳು ಇವರೇ ಪರೀಕ್ಷಕರೆಂದು ತಿಳಿದು ಎದ್ದು ನಿಂತು ಗುಡ್ ಮಾರ್ನಿಂಗ್ ಹೇಳಿದಳು. ಕಾಕಾ ನಕ್ಕು ಅವಳನ್ನು ಕೂರಿಸಿದರು.

ಅವರಿಗೆ ಬಂದ ರೋಗಿ ಹೊಟ್ಟೆಯಲ್ಲಿ ಗಡ್ಡೆಯಿದ್ದ ಒಬ್ಬ ಮುದುಕ, ಮರಾಠಿ ಮಾತಾಡುವವನು. ಅಂಥ ಪರೀಕ್ಷೆಗೆ ಒಂದು ಕ್ರಮವಿದೆ. ಮೊದಲು ಹಾಸಿಗೆಯ ಕಾಲ ಬದಿಗೆ ನಿಂತು ನೋಡಬೇಕು, ನೋಡಿದ್ದನ್ನು ಬಾಯಿಬಿಟ್ಟು ಹೇಳಬೇಕು, ಆಮೇಲೆ ಬಲಕ್ಕೆ ಬಂದು ಮುಟ್ಟಬೇಕು. ನಾವು ಅದನ್ನು ಹತ್ತಾರು ಸಲ ಅಭ್ಯಾಸ ಮಾಡಿದ್ದೆವು. ಆದರೆ ಕಾಕಾ ಆ ಮುದುಕನನ್ನು ಕಂಡದ್ದೇ ಎಲ್ಲ ಮರೆತರು. ಅವನ ಪಕ್ಕ ಕುಳಿತರು, ಯಾವ ಊರು, ಹೊಟ್ಟೆಗೆ ಏನು ಸೇರುತ್ತದೆ ಎಂದು ಮರಾಠಿಯಲ್ಲಿ ಕೇಳುತ್ತ ಕೇಳುತ್ತ ಕೈ ಹೊಟ್ಟೆಯ ಮೇಲಿಟ್ಟರು. ಎರಡು ನಿಮಿಷದಲ್ಲಿ ರೋಗ ಏನೆಂದು ಹೇಳಿದರು. ಸರಿಯಾಗಿತ್ತು. ಪರೀಕ್ಷಕರೊಬ್ಬರು, ನೀವು ಮೊದಲು ನೋಡಲೇ ಇಲ್ಲವಲ್ಲ ಎಂದರಂತೆ. ಬಾಗಿಲಿನಿಂದ ಬರುತ್ತಲೇ ನೋಡಿದೆ ಎಂದು ಕಾಕಾ ಹೇಳಿದರಂತೆ. ಈ ಆಪರೇಶನ್ ಎಷ್ಟು ಮಾಡಿದ್ದೀರಿ ಎಂದು ಇನ್ನೊಬ್ಬರು ಕೇಳಿದಾಗ, ಲೆಕ್ಕ ಇಟ್ಟಿಲ್ಲ ಎಂದರಂತೆ. ಯಾರ ಮೇಲ್ವಿಚಾರಣೆಯಲ್ಲಿ ಎಂದದ್ದಕ್ಕೆ, ಬಹಳ ಸಲ ಒಬ್ಬನೇ ಎಂದರಂತೆ. ಆಮೇಲೆ ಬಂದವೆಲ್ಲ ಪುಸ್ತಕದ ಪ್ರಶ್ನೆಗಳು. ಯಾವ ವರ್ಗೀಕರಣ, ಯಾವ ಹೊಸ ಮಾರ್ಗಸೂಚಿ, ಬೇಗ ಹೇಳಿ, ಬೇಗ ಹೇಳಿ. ಕಾಕಾರ ಬಾಯಿ ಕಟ್ಟಿತು. ಗಂಟೆ ಹೊಡೆಯಿತು.

ನನಗೆ ಬಂದದ್ದು ಹರ್ನಿಯಾ. ಒಳಗೆ ಸಿಕ್ಕ ಕರುಳು ಬದುಕುತ್ತದೋ ಇಲ್ಲವೋ ಸಂಶಯ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದರು. ನನ್ನ ಬಾಯಿಂದ ಕಾಕಾರ ಮಾತುಗಳು ಇಂಗ್ಲಿಷಿನಲ್ಲಿ ಹೊರಟವು. ಬೆಚ್ಚಗಿನ ಸಲೈನಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಕಾಯುತ್ತೇನೆ. ಗಡಿಯಾರ ನೋಡಿ ಕಾಯುತ್ತೇನೆ. ಬಣ್ಣ ತಿರುಗುತ್ತದೆಯೇ, ಕರುಳು ಸರಿದಾಡುತ್ತದೆಯೇ ನೋಡುತ್ತೇನೆ. ಕತ್ತರಿಸುವ ಅವಸರ ಮಾಡುವುದಿಲ್ಲ. ಪರೀಕ್ಷಕರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆಯಾಡಿಸಿದರು. ಬಹಳ ಒಳ್ಳೆಯ ತರಬೇತಿ, ಕಲಿಸಿದವರು ಯಾರು ಎಂದರು. ನಾನು ಮಿರಜಿನ ಸರ್ಜನ್‌ರ ಹೆಸರು ಹೇಳಿದೆ.

ರೈಲಿನಲ್ಲಿ ವಾಪಸು ಬರುವಾಗ ಅದನ್ನು ಕಾಕಾರಿಗೆ ಹೇಳಿಬಿಟ್ಟೆ. ಹೇಳದೆ ಇರಲಾಗಲಿಲ್ಲ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದವರು ತಿರುಗಿದರು.

‘ಛಲೋ ಮಾಡಿದಿ. ನನ್ನ ಹೆಸರು ಹೇಳಿದ್ದರ, ಅವರು ಯಾರು, ಏನು ಕಲ್ತಾರ ಅಂತ ಕೇಳತಿದ್ರು. ನಿನ್ನ ಹೊತ್ತು ಸುಮ್ಮನ ಹಾಳಾಗ್ತಿತ್ತು.’

ನನಗೆ ಅವರು ಬೈದಿದ್ದರೆ ಹಗುರಾಗುತ್ತಿತ್ತು.

ಫಲಿತಾಂಶ ಬಂತು. ನಾನು ಪಾಸು. ಅವರು ನಪಾಸು. ಯಾಕೆ, ಎಲ್ಲಿ ಕಡಿಮೆಯಾಯಿತು ಎಂಬ ಒಂದು ಸಾಲೂ ಅದರಲ್ಲಿರಲಿಲ್ಲ. ಆ ದಿನ ಕಾಕಾ ಪೇಟೆಗೆ ಹೋಗಿ ಪೇಢೆ ತಂದು, ನಿಪ್ಪಾಣಿ ಪಾಸಾದ ಎಂದು ವಾರ್ಡ್ ವಾರ್ಡಿಗೂ ಹಂಚಿದರು. ಥಿಯೇಟರ್ ಸಿಸ್ಟರು ಪೇಢೆ ತೆಗೆದುಕೊಳ್ಳಲಿಲ್ಲ. ನನ್ನ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ನನಗೆ ಗೊತ್ತು. ಆದರೂ ಬಹಳ ದಿನ ನಾನು ಅವರ ಕಣ್ಣು ತಪ್ಪಿಸಿಯೇ ಓಡಾಡಿದೆ.

ಆಮೇಲಿನ ಎರಡು ವರ್ಷ ನೆನೆದರೆ ಈಗಲೂ ಮೈ ಉರಿಯುತ್ತದೆ. ಹೊರಗಿನ ಬೋರ್ಡಿನ ಮೇಲೆ ನನ್ನ ಹೆಸರು ಬಂತು. ಮಿರಜಿನವರು ಬರುವುದು ನಿಂತಿತು. ನಿಯಮದ ಪ್ರಕಾರ ಕಾಕಾ ನನ್ನ ಎದುರಿಗೆ, ನನ್ನ ಹೊಣೆಯಲ್ಲಿ ಆಪರೇಶನ್ ಮಾಡಬಹುದಿತ್ತು. ಒಬ್ಬರೇ ಮಾಡುವ ಹಾಗಿರಲಿಲ್ಲ. ನನಗೆ ಗಂಟು ಹಾಕಲು ಕಲಿಸಿದವರಿಗೆ ಕಾಗದದ ಮೇಲೆ ನಾನು ಮೇಲ್ವಿಚಾರಕ. ಕಷ್ಟದ ಜಾಗ ಬಂದರೆ ನಾನು ಚಾಕು ಅವರ ಕಡೆ ಸರಿಸುತ್ತಿದ್ದೆ; ಅವರು ಬಿಡಿಸಿಕೊಟ್ಟು ಮತ್ತೆ ನನ್ನ ಕಡೆ ಸರಿಸುತ್ತಿದ್ದರು. ಹೊರಗೆ ಬಂದು ರಜಿಸ್ಟರಿನಲ್ಲಿ ನಾನು ನನ್ನ ಹೆಸರು ಬರೆಯುತ್ತಿದ್ದೆ.

ಎರಡನೆಯ ವರ್ಷದ ಮಳೆಗಾಲದಲ್ಲಿ ಕೃಷ್ಣೆ ಉಕ್ಕಿತು. ನಾನು ತಾಯಿಯನ್ನು ನೋಡಲು ನಿಪ್ಪಾಣಿಗೆ ಹೋಗಿದ್ದೆ. ತಿರುಗಿ ಬರುವಾಗ ಅಂಕಲಿಯಲ್ಲಿ ಪೊಲೀಸರು ಜೀಪು ತಡೆದರು. ಮಾಂಜರಿಯ ಸೇತುವೆಯ ಮೇಲೆ ನೀರು ಬಂದಿತ್ತು. ಕುಡಚಿಯ ಕಡೆಯಿಂದಲೂ ದಾರಿಯಿಲ್ಲ ಎಂದರು. ಮಧ್ಯಾಹ್ನ ಅಲ್ಲೇ ನಿಂತಿದ್ದಾಗ ಕಾಕಾರ ಫೋನು ಬಂತು. ಹೊಳೆಸಾಲಿನ ಹಳ್ಳಿಯವರು ದನಗಳನ್ನು ಎತ್ತರದ ಜಾಗಕ್ಕೆ ಹೊಡೆದುಕೊಂಡು ಬರುತ್ತಿದ್ದಾಗ ಎಮ್ಮೆಯೊಂದು ಬೆದರಿ ಒಬ್ಬ ಹೆಣ್ಣುಮಗಳ ಎಡ ಪಕ್ಕೆಗೆ ಒದ್ದಿತ್ತು. ಒಳಗೆ ಗುಲ್ಮ, ಅಂದರೆ ಸ್ಪ್ಲೀನ್, ಒಡೆದು ಹೊಟ್ಟೆಯಲ್ಲಿ ರಕ್ತ ತುಂಬುತ್ತಿತ್ತು. ನಾಡಿ ಸಿಗುವುದೇ ಕಷ್ಟವಾಗಿತ್ತು. ಮಿರಜಿನ ದಾರಿಯಲ್ಲಿ ಹಳ್ಳ ಬಂದು ಆಂಬುಲೆನ್ಸ್ ಕಾಗವಾಡದಿಂದಾಚೆ ಹೋಗುವಂತಿರಲಿಲ್ಲ. ಅರಿವಳಿಕೆಯ ಡಾಕ್ಟರು ಊರಲ್ಲಿದ್ದರು, ರಕ್ತ ಕೊಡಲು ಊರವರು ಸಾಲು ನಿಂತಿದ್ದರು. ಸರ್ಜನ್ ಎನ್ನಿಸಿಕೊಂಡ ನಾನು ಹೊಳೆಯ ಈ ದಂಡೆಯಲ್ಲಿದ್ದೆ.

‘ಹೊಟ್ಟಿ ತೆರಿತೀನಿ,’ ಎಂದರು ಕಾಕಾ. ಕೇಳಲಿಲ್ಲ, ಹೇಳಿದರು.

‘ತೆರೀರಿ ಕಾಕಾ. ರಜಿಸ್ಟರಿನ್ಯಾಗ ನನ್ನ ಹೆಸರು ಬರೀರಿ.’

‘ನೀ ಹೊಳಿ ಈಜಿ ಬಂದಿ ಅಂತ ಬರೀಲೇನು?’

ಫೋನ್ ಇಟ್ಟರು. ಸಂಜೆಯ ಹೊತ್ತಿಗೆ ಸಿಸ್ಟರು ಫೋನ್ ಮಾಡಿ, ಹೆಣ್ಣುಮಗಳು ಕಣ್ಣು ಬಿಟ್ಟಾಳ್ರಿ, ನೀರು ಕೇಳಾಕತ್ತಾಳ್ರಿ ಎಂದರು. ನಾನು ಜೀಪಿನ ಬಾನೆಟ್ಟಿಗೆ ಒರಗಿ ನಿಂತು ಅತ್ತುಬಿಟ್ಟೆ. ಸಂತೋಷಕ್ಕೆ ಎಂದುಕೊಂಡಿದ್ದೆ ಆಗ...

ರಜಿಸ್ಟರಿನಲ್ಲಿ ಕಾಕಾ ತಮ್ಮ ಹೆಸರನ್ನೇ ಬರೆದಿದ್ದರು. ದುಂಡಗಿನ ಅಕ್ಷರ, ಹೆಸರಿನ ಮುಂದೆ ಎಂಬಿಬಿಎಸ್. ಮೇಲ್ವಿಚಾರಕರ ಕಾಲಮ್ಮಿನಲ್ಲಿ ಒಂದು ಗೆರೆ ಎಳೆದಿದ್ದರು. ಆ ಹಾಳೆಯನ್ನು ಬದಲಿಸೋಣ ಎಂದು ನಾನು ಎರಡು ಸಲ ಕೇಳಿದೆ. ಅವರು ಒಪ್ಪಲಿಲ್ಲ. ಮಾಡಿದ ಕೆಲಸವನ್ನು ಮಾಡಿಲ್ಲ ಎಂದು ಲಾಗ್‌ಬುಕ್ಕಿನಲ್ಲಿ ಬರೆದದ್ದು ಸಾಕು, ಇನ್ನು ಬರೆಯಲಾರೆ ಎಂದರು.

ಚಳಿಗಾಲದಲ್ಲಿ ಸಂಸ್ಥೆಯ ತಪಾಸಣೆಯವರು ಇಬ್ಬರು ಬಂದರು. ಒಳ್ಳೆಯ ಮಾತಿನವರು. ಪುಸ್ತಕ ಎಣಿಸಿದರು, ಮಧ್ಯಾಹ್ನ ಊಟ ಮಾಡಿದರು, ರಜಿಸ್ಟರು ತಿರುವುತ್ತ ಆ ಗೆರೆಯ ಮೇಲೆ ಬೆರಳಿಟ್ಟರು. ನಾನು ಹೊಳೆ ಬಂದದ್ದು, ದಾರಿ ಮುಚ್ಚಿದ್ದು, ಹೆಣ್ಣುಮಗಳು ಬದುಕಿದ್ದು ಎಲ್ಲ ಹೇಳಿದೆ. ಬೇಕಾದರೆ ಆಕೆಯನ್ನೇ ಕರೆಸುತ್ತೇನೆ ಎಂದೆ. ಅವರು ತಾಳ್ಮೆಯಿಂದ ಕೇಳಿಕೊಂಡರು. ನಿಮ್ಮ ಪರಿಸ್ಥಿತಿ ನಮಗೆ ಅರ್ಥವಾಗುತ್ತದೆ ಎಂದರು. ತಿಂಗಳ ಮೇಲೆ ಕಾಗದ ಬಂತು. ಪ್ರಮಾಣಪತ್ರವಿಲ್ಲದ ಡಾಕ್ಟರೊಬ್ಬರು ಥಿಯೇಟರಿನಲ್ಲಿ ಸ್ವತಂತ್ರವಾಗಿ ಆಪರೇಶನ್ ಮಾಡಿರುವುದು ಕಂಡುಬಂದಿದೆ. ಅಂಥವರನ್ನು ಥಿಯೇಟರಿನಿಂದ ಪೂರ್ತಿ ದೂರವಿಡದಿದ್ದರೆ ಕೇಂದ್ರದ ಮಾನ್ಯತೆ ರದ್ದಾಗುತ್ತದೆ.

ಮಾನ್ಯತೆ ಹೋದರೆ ಆಗ ನಮ್ಮಲ್ಲಿ ಕಲಿಯುತ್ತಿದ್ದ ಇಬ್ಬರ ವರ್ಷಗಳು ನೀರಿನಲ್ಲಿ ಹೋಮವಾಗುತ್ತಿದ್ದವು. ಆಡಳಿತ ಮಂಡಳಿಯವರು ನನ್ನನ್ನು ಕರೆದರು. ನಾನು ಜಗಳಾಡಿದೆ; ನಾನೂ ಬಿಟ್ಟುಹೋಗುತ್ತೇನೆ ಎಂದೆ. ಆ ಸಭೆಯೊಳಗೆ ಕಾಕಾ ಕರೆಯದೆಯೇ ಬಂದು ಕುಳಿತರು.

‘ಆ ಹುಡುಗೂರ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ್ರಿ,’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ನಿಪ್ಪಾಣಿ, ಯಾರರ ಒಬ್ಬರು ತಪಾಸ ಮಾಡಾಕ ಬೇಕಽ ಬೇಕು. ಅದು ತಪ್ಪಲ್ಲ. ಅವರು ನನ್ನ ನಾಲಿಗಿ ನೋಡಿದ್ರು, ಕೈ ನೋಡಲಿಲ್ಲ, ಅಷ್ಟ ನನ್ನ ತಕರಾರು.’

ಇಷ್ಟು ವರ್ಷಗಳಲ್ಲಿ ಅವರು ಮಾಡಿದ ತಕರಾರು ಅದೊಂದೇ. ಮರುದಿನದಿಂದ ಅವರು ಥಿಯೇಟರಿಗೆ ಬರಲಿಲ್ಲ. ಕೆಲವು ತಿಂಗಳು ಓಪಿಡಿಯಲ್ಲಿ ಕೂತು ಕುರು ಒಡೆದು, ಗಾಯಕ್ಕೆ ಪಟ್ಟಿ ಕಟ್ಟಿದರು. ಥಿಯೇಟರಿನ ಬಾಗಿಲು ತೆರೆದು ಮುಚ್ಚುವ ಸಪ್ಪಳವಾದಾಗಲೆಲ್ಲ ಅವರ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ನಾನು ನೋಡಿದ್ದೇನೆ. ಬೇಸಿಗೆ ಬರುವ ಮೊದಲೇ ಕಾಕುವನ್ನು ಕರೆದುಕೊಂಡು ದಿಗ್ಗೇವಾಡಿಗೆ ಹೋಗಿ ಬಸ್ ನಿಲ್ದಾಣದ ಹತ್ತಿರ ಒಂದು ಸಣ್ಣ ದವಾಖಾನೆ ತೆರೆದರು.

ನಾನು ಸಂಸ್ಥೆಗೆ ಮೂರು ಕಾಗದ ಬರೆದೆ. ಇಂಥ ಅನುಭವಿಗಳನ್ನು ಅವರ ಥಿಯೇಟರಿಗೇ ಬಂದು, ಕೆಲಸ ನೋಡಿ, ಪರೀಕ್ಷೆ ಮಾಡುವ ದಾರಿ ಇರಬಾರದೇ ಎಂದು ಕೇಳಿದೆ. ಅವರವರ ಮಾತಿನಲ್ಲಿ ಉತ್ತರಿಸಲು ಬಿಡಬಾರದೇ, ಕೊನೆಗೆ ರೋಗಿ ಮಾತಾಡುವುದೂ ಅದೇ ಮಾತಲ್ಲವೇ ಎಂದು ಕೇಳಿದೆ. ಮೂರಕ್ಕೂ ಒಂದೇ ಉತ್ತರ ಬಂತು, ತಾರೀಖು ಮಾತ್ರ ಬೇರೆ: ನಿಮ್ಮ ಸಲಹೆಯನ್ನು ಗಮನಿಸಲಾಗಿದೆ. ಒಂದು ಸಮ್ಮೇಳನದಲ್ಲಿ ಸಂಸ್ಥೆಯ ಹಿರಿಯರೊಬ್ಬರು ಊಟದ ಸಾಲಿನಲ್ಲಿ ಸಿಕ್ಕರು. ತಟ್ಟೆ ಹಿಡಿದೇ ಎಲ್ಲ ಹೇಳಿದೆ. ಒಬ್ಬರಿಗೋಸ್ಕರ ಬಾಗಿಲು ತೆರೆದರೆ ಯಾರು ಯಾರು ನುಗ್ಗುತ್ತಾರೆ ನಿಮಗೇ ಗೊತ್ತಲ್ಲ ಎಂದರು.

ಗೊತ್ತು. ಅದೇ ನನ್ನ ಸಂಕಟ. ಪ್ರಮಾಣಪತ್ರ ಬೇಡ ಎನ್ನುವವನಲ್ಲ ನಾನು. ಈ ನಮ್ಮ ತಾಲೂಕುಗಳಲ್ಲಿ ಏನೂ ಓದದೆ ಸೂಜಿ ಚುಚ್ಚುವವರಿದ್ದಾರೆ. ಅವರು ಚುಚ್ಚಿದ ಜಾಗದಲ್ಲಿ ಕೀವು ತುಂಬಿ ಬಂದವರನ್ನು ವಾರಕ್ಕೊಮ್ಮೆಯಾದರೂ ನಾನೇ ಕೊಯ್ದು ತೊಳೆಯುತ್ತೇನೆ. ಅಂಥವರನ್ನು ಹೊರಗಿಡಲು ಗೋಡೆ ಬೇಕು. ಆದರೆ ಸೂಜಿಯವರು ಇನ್ನೂ ತಮ್ಮ ತಮ್ಮ ಅಂಗಡಿಯಲ್ಲಿ ಆರಾಮಾಗಿ ಕೂತಿದ್ದಾರೆ. ಕಟ್ಟಿದ ಗೋಡೆ ಕಾಕಾರನ್ನು ಹೊರಗಿಟ್ಟಿತು.

ಕಾಕಾ ತೀರಿಕೊಂಡು ಈಗ ಎರಡು ವರ್ಷ. ಬೆಳಿಗ್ಗೆ ದವಾಖಾನೆಯ ಬಾಗಿಲು ತೆರೆದು, ಕುರ್ಚಿಯಲ್ಲಿ ಕೂತವರು ಹಾಗೇ ಒರಗಿದರಂತೆ. ನಾನು ದಿಗ್ಗೇವಾಡಿ ಮುಟ್ಟುವಷ್ಟರಲ್ಲಿ ಅಂಗಳದ ತುಂಬ ಜನ. ಆ ಎಮ್ಮೆ ಒದ್ದ ಹೆಣ್ಣುಮಗಳೂ ಬಂದಿದ್ದಳು, ಸೊಂಟದ ಮೇಲೆ ಕೂಸು ಹೊತ್ತುಕೊಂಡು.

ನಾಲ್ಕಾರು ದಿನದ ಮೇಲೆ ನಮ್ಮ ಭಾಗದ ಡಾಕ್ಟರುಗಳೆಲ್ಲ ಸೇರಿ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡೆವು. ಸಂತಾಪದ ಠರಾವು ಬರೆಯುವ ಕೆಲಸ ನನಗೆ ಬಂತು. ‘ನಮ್ಮ ಭಾಗದ ಹಿರಿಯ ಸರ್ಜನ್’ ಎಂದು ಶುರು ಮಾಡಿದ್ದೆ. ಓದಿ ತೋರಿಸಿದಾಗ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಮೆಲ್ಲಗೆ, ಆ ಶಬ್ದ ಬೇಡವೇನೋ, ನಾಳೆ ಪೇಪರಿನಲ್ಲಿ ಬಂದರೆ ಯಾರಾದರೂ ಆಕ್ಷೇಪಣೆ ಎತ್ತಿದರೆ ಎಂದರು. ಇನ್ನೊಬ್ಬರು, ಅವರ ಮೇಲೆ ಗೌರವ ನಮಗೂ ಇದೆ, ಕಾನೂನಿನ ಮಾತು ಅಷ್ಟೇ ಎಂದರು. ನಾನು ಕೂಗಾಡಿದೆ. ನಿಮ್ಮಲ್ಲಿ ಎಷ್ಟು ಜನ ನಿಮ್ಮ ಮನೆಯವರನ್ನೇ ಆಪರೇಶನ್ನಿಗೆ ಅವರ ಹತ್ತಿರ ಕರೆತಂದಿದ್ದಿರಿ ಹೇಳಿ ಎಂದೆ. ಅಷ್ಟರಲ್ಲಿ ಹೊರಗೆ ಜೀಪು ನಿಂತ ಸಪ್ಪಳವಾಯಿತು, ಕಾಕು ಬಂದಿದ್ದರು. ಅವರ ಮುಂದೆ ಈ ಜಗಳ ಬೇಡವೆನ್ನಿಸಿತು. ನಾನೇ ಪೆನ್ನು ತೆಗೆದು ಆ ಶಬ್ದ ಹೊಡೆದುಹಾಕಿ ‘ಹಿರಿಯ ವೈದ್ಯರು’ ಎಂದು ಬರೆದೆ.

ಕಾಕು ಠರಾವಿನ ಹಾಳೆಯನ್ನು ಓದಿ, ಎರಡು ಮಡಿಕೆ ಮಾಡಿ, ಸೆರಗಿನೊಳಗೆ ಇಟ್ಟುಕೊಂಡರು. ಹೊಡೆದುಹಾಕಿದ ಶಬ್ದ ಅದರಲ್ಲಿ ಕಾಣುತ್ತಲೇ ಇತ್ತು.

ಇನ್ನೊಂದು ಮಾತು ಹೇಳಬೇಕು. ಅವರು ದಿಗ್ಗೇವಾಡಿಗೆ ಹೋದ ಮೇಲೂ, ಆಪರೇಶನ್ನಿನ ನಡುವೆ ನನಗೆ ಸಂಶಯ ಬಂದರೆ ಸಿಸ್ಟರು ಅವರಿಗೆ ಫೋನ್ ಹಚ್ಚಿ ನನ್ನ ಕಿವಿಗೆ ಹಿಡಿಯುತ್ತಿದ್ದರು. ನಾನು ಕಂಡದ್ದನ್ನು ಹೇಳುತ್ತಿದ್ದೆ. ಅವರು ಅಲ್ಲಿಂದಲೇ, ಬೆರಳು ಇನ್ನಷ್ಟು ಹಿಂದಕ್ಕೆ ಸರಿಸು, ಈಗ ಕೈಗೆ ಏನು ಹತ್ತತೈತಿ ಹೇಳು ಎನ್ನುತ್ತಿದ್ದರು. ಯಾವ ರಜಿಸ್ಟರಿನಲ್ಲೂ ಅದು ಇಲ್ಲ.

ಮೊನ್ನೆ ಸೋಮವಾರ ಒಂದು ಪಿತ್ತಕೋಶದ ಆಪರೇಶನ್. ಒಳಗೆಲ್ಲ ಅಂಟಿಕೊಂಡು ಯಾವುದು ಪಿತ್ತನಾಳ, ಯಾವುದು ರಕ್ತನಾಳ ಗೊತ್ತಾಗದ ಹಾಗೆ ಗಟ್ಟಿಯಾಗಿತ್ತು. ನಾನು ಕೈ ನಿಲ್ಲಿಸಿದೆ. ಸಿಸ್ಟರು, ಈಗ ಅವರಿಗೂ ನಿವೃತ್ತಿ ಹತ್ತಿರವಾಗಿದೆ, ರೂಢಿಯ ಮೇಲೆ ಕೇಳಿಬಿಟ್ಟರು.

‘ಕಾಕಾರಿಗೆ ಫೋನ್ ಹಚ್ಚಲ್ರಿ?’

ಕೇಳಿದ ಮೇಲೆ ಅವರಿಗೇ ನೆನಪಾಯಿತು. ಮುಖವೆಲ್ಲ ಮಾಸ್ಕಿನ ಹಿಂದಿತ್ತು. ಕಣ್ಣು ಮಾತ್ರ ತುಂಬಿಕೊಂಡವು. ನನ್ನ ಎದುರಿಗೆ ನಿಂತು ಕಲಿಯುತ್ತಿದ್ದ ಡಾಕ್ಟರ್ ಹುಡುಗಿ, ಮೊನ್ನೆ ಮೊನ್ನೆ ಬಂದವಳು, ಕಾಕಾ ಅಂದ್ರ ಯಾರ್ರೀ ಸರ್ ಎಂದಳು.

‘ಇಲ್ಲಿ ಸರ್ಜನ್ ಇದ್ರು,’ ಎಂದೆ.

ಮತ್ತೆ ಬಗ್ಗಿ ಕೆಲಸಕ್ಕೆ ಹತ್ತಿದೆ. ರೋಗಿ ಬದುಕಿದ, ಈಗ ಚೆನ್ನಾಗಿದ್ದಾನೆ. ಆದರೆ ಆ ಆಪರೇಶನ್ ಮುಗಿಸಲು ನನಗೆ ಬಹಳ ಹೊತ್ತು ಹಿಡಿಯಿತು.